ಬಾಗಿಲಲ್ಲಿ ಕೂತ ಅಮೀರುನ್ನೀಸಾ

ನಮ್ಮ ಮನೆಗೆ ಜಗಳಕ್ಕೆಂದೇ ಬಂದವರು ಕಡಿಮೆಯೇನಲ್ಲ. ಮದುವೆಯಾಗಿ ಉಡುಪಿಯಿಂದ ಬಂದಂದಿನಿಂದ ಸಯನ್‌ನ ಇದೇ ಬಿಲ್ಡಿಂಗಿನಲ್ಲಿದ್ದೇನೆ. ನೀರಿನ ಟ್ಯಾಂಕಿಗೆ ಜಗಳವಾಡಿದ್ದೇನೆ, ಮೆಟ್ಟಿಲ ಮೇಲಿಟ್ಟ ಚಪ್ಪಲಿ ಸ್ಟ್ಯಾಂಡಿಗೆ ಜಗಳವಾಡಿದ್ದೇನೆ, ಒಣಹಾಕಿದ ಸೀರೆಯಿಂದ ಕೆಳಗಿನವರ ಕಿಟಕಿಗೆ ನೀರು ತೊಟ್ಟಿಕ್ಕಿದ್ದಕ್ಕೂ ಆಡಿದ್ದೇನೆ. ನನ್ನ ಬಾಯಿ ದೊಡ್ಡದು. ನನ್ನ ಗಂಡ ಸುಕೇಶ್ ಅದನ್ನು ನಮ್ಮ ಮನೆಯ ಕಾಲಿಂಗ್ ಬೆಲ್ ಎನ್ನುತ್ತಾರೆ. ಹಾಗೆ ಜಗಳಕ್ಕೆ ಬಂದವರಲ್ಲಿ ನಾನು ಇವತ್ತಿಗೂ ಮನಸಾರೆ ನೆನೆಯುವುದು ಒಬ್ಬಳನ್ನು. ಆಕೆ ಅಮೀರುನ್ನೀಸಾ.

ಆಕೆಯ ಗಂಡ ಸರ್ದಾರ ಭಾಯಿ ಇಲೆಕ್ಟ್ರಿಶಿಯನ್. ವಿಜಯಪುರದ ಕಡೆಯವರು, ಇರುವುದು ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿನಲ್ಲಿ. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಮಜೂರಿ ಕೇಳುವ ಹೊತ್ತಿಗೆ ಬಾಯಿಗೆ ಬೀಗ ಬಿದ್ದುಬಿಡುತ್ತಿತ್ತು. ಈ ಊರಿನಲ್ಲಿ ಅಂಥವರು ಬದುಕುವುದು ಕಷ್ಟ. ವೈರಿಂಗ್ ಮುಗಿದ ಮೇಲೆ ಬೋರ್ಡು ಸೊಟ್ಟಗಿದೆ, ಗೋಡೆಯ ಪೇಂಟು ಹಾಳಾಯಿತು, ಫ್ಯಾನು ಮೊದಲಿನಷ್ಟು ಜೋರಾಗಿ ತಿರುಗುತ್ತಿಲ್ಲ ಎಂದು ಏನಾದರೊಂದು ತೆಗೆದು ಕೊನೆಯ ಕಂತನ್ನು ನುಂಗುವವರೇ ಹೆಚ್ಚು. ಸರ್ದಾರ ಭಾಯಿ ಎಲ್ಲದಕ್ಕೂ ‘ಠೀಕ್ ಹೈ’ ಎಂದು ತಲೆಯಾಡಿಸಿ ಬರುತ್ತಿದ್ದರು. ಹಾಗಾಗಿ ವಸೂಲಿ ಹೆಂಡತಿಯ ಪಾಲಿಗೆ ಬಂತು.

ಅಮೀರುನ್ನೀಸಾಳ ವಸೂಲಿಯ ಕ್ರಮವೇ ಬೇರೆ. ಆಕೆಗೆ ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದು ಕೊಡುವ ಕೆಲಸವಿತ್ತು. ಬಾಕಿ ಇರುವ ಮನೆಯ ಬಾಗಿಲಿಗೆ ಹೋಗಿ, ಒಳಗೆ ಕರೆದರೂ ಹೋಗದೆ, ಹೊಸ್ತಿಲ ಹೊರಗೆ ಚೀಲ ಬಿಚ್ಚಿ ಬೆಳ್ಳುಳ್ಳಿ ಸುಲಿಯುತ್ತ ಕೂರುವಳು. ಬೈಯುವುದಿಲ್ಲ, ಕೂಗುವುದಿಲ್ಲ. ಯಾಕೆ ಕೂತಿದ್ದೀರಿ ಎಂದು ಮೆಟ್ಟಿಲು ಹತ್ತುವವರು ಕೇಳಿದರೆ ಮಾತ್ರ ಸತ್ಯ ಹೇಳುವಳು. ಬೆಳ್ಳುಳ್ಳಿಯನ್ನು ಮುಟ್ಟದ ಕುಟುಂಬಗಳಿರುವ ಘಾಟ್ಕೋಪರಿನ ಬಿಲ್ಡಿಂಗುಗಳಲ್ಲಂತೂ ವಾಸನೆ ಎರಡನೇ ಮಹಡಿ ಮುಟ್ಟುವುದರೊಳಗೆ ಹಣ ಹೊರಗೆ ಬರುತ್ತಿತ್ತಂತೆ. ಬೇರೆ ಕಡೆ ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ. ಅಷ್ಟು ಹೊತ್ತೂ ಆಕೆಯ ಕೂಲಿಯೇನೂ ತಪ್ಪುತ್ತಿರಲಿಲ್ಲ.

ಸುಕೇಶ್ ಅವರದು ಸ್ಟೇಷನ್ ಹತ್ತಿರ ಒಂದು ಚಿಕ್ಕ ಹೋಟೆಲು. ಅಲ್ಲಿಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಆದ್ದರಿಂದ ದೋಸೆ ಹಿಟ್ಟು, ಚಟ್ನಿ ಎಲ್ಲ ನಾನು ಮನೆಯಲ್ಲೇ ದೊಡ್ಡ ಗ್ರೈಂಡರಿನಲ್ಲಿ ರುಬ್ಬಿ ಕಳಿಸುವುದು. ಅದಕ್ಕೆಂದು ಅಡುಗೆಮನೆಗೆ ಪ್ರತ್ಯೇಕವಾಗಿ ಹೊಸ ಲೈನು ಎಳೆಸಿದೆವು. ಎಳೆದವರು ಸರ್ದಾರ ಭಾಯಿ. ಮುಗಿಸಿ, ಟೆಸ್ಟರ್ ಹಚ್ಚಿ ನೋಡಿ, ‘ಸಬ್ ಬರಾಬರ್’ ಎಂದು ಹೋದರು. ಮರುದಿನ ಬೆಳಿಗ್ಗೆ ಅಕ್ಕಿ ಹಾಕಿ ಸ್ವಿಚ್ ಒತ್ತಿದೆ. ಗ್ರೈಂಡರ್ ಒಮ್ಮೆ ಹುಚ್ಚು ಹಿಡಿದಂತೆ ತಿರುಗಿತು, ಢಬ್ ಎಂದಿತು, ಹೊಗೆ ಬಂತು. ಹೊಸ ಲೈನು ಮೇಲಿನ ಬಾಕ್ಸಿನವರೆಗೂ ಕರಟಿ, ಗೋಡೆಯ ಮೇಲೆ ಕಪ್ಪು ಗೆರೆ ಮೂಡಿ, ಅರ್ಧ ಮನೆಗೆ ಕರೆಂಟಿಲ್ಲ.

ಕೆಳಗಿನ ಅಂಗಡಿಯಿಂದ ಇನ್ನೊಬ್ಬ ಇಲೆಕ್ಟ್ರಿಶಿಯನ್ ಬಂದು ಬಾಕ್ಸ್ ಬಿಚ್ಚಿದ. ನಮಗಿಂತ ಮೊದಲು ಈ ಮನೆಯಲ್ಲಿದ್ದವರು ಏಸಿಗಳನ್ನು ಹಾಕಿಸಿದ್ದರಿಂದ ನಮ್ಮ ಮನೆಗೆ ಕರೆಂಟಿನ ಮೂರು ತಂತಿಗಳು ಬರುತ್ತವೆ: ಕೆಂಪು, ಹಳದಿ, ನೀಲಿ. ನಾಲ್ಕನೆಯದು ಕಪ್ಪು, ಅದು ಕರೆಂಟು ಮರಳಿ ಹೋಗುವ ದಾರಿ. ಗ್ರೈಂಡರಿಗೆ ಒಂದು ಕೆಂಪು, ಒಂದು ಕಪ್ಪು ಕೊಡಬೇಕಾದಲ್ಲಿ ಕೆಂಪಿನ ಜೊತೆ ನೀಲಿಯನ್ನು ಕಟ್ಟಿಬಿಟ್ಟಿದ್ದಾರೆ, ಹೆಚ್ಚು ಕಡಿಮೆ ಎರಡರಷ್ಟು ಜೋರಿನ ಕರೆಂಟು ಒಳಗೆ ನುಗ್ಗಿದೆ ಎಂದ. ನೀವು ಆಗ ಗ್ರೈಂಡರಿಗೆ ಕೈ ಇಡದೇ ಇದ್ದದ್ದು ಪುಣ್ಯ ಎಂದೂ ಹೇಳಿದ. ನನಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಉಳಿದ ಕಂತು ಒಂದು ಪೈಸೆಯೂ ಇಲ್ಲ ಎಂದು ಸರ್ದಾರ ಭಾಯಿಗೆ ಮೆಸೇಜು ಹಾಕಿಸಿದೆ.

ಎರಡು ದಿನ ಬಿಟ್ಟು ಬಾಗಿಲು ತೆರೆದರೆ ಹೊರಗೆ ಬೆಳ್ಳುಳ್ಳಿ ಚೀಲ.

‘ಪೈಸೆ ಲೇನೇ ಆಯೀ ಹೂಂ’ ಎಂದು ಹಿಂದಿಯಲ್ಲಿ ಹಣ ಕೇಳಿದಳು, ತಲೆಯೆತ್ತದೆ.

‘ಎಂಥ ಧೈರ್ಯ ಇದಕ್ಕೆ! ಮನೆ ಸುಟ್ಟು ಹೋದದ್ದಲ್ಲದೆ ಬಾಗಿಲಲ್ಲಿ ಬಂದು ಬೇರೆ ಕೂತಿದೆ’ ಎಂದು ನಾನು ಒಳಗಿದ್ದ ಸುಕೇಶರಿಗೆ ಕೇಳುವಂತೆ ಹೇಳಿದೆ.

‘ಕನ್ನಡದಾಗ ಬೈದ್ರ ನಂಗೂ ತಿಳಿತೈತ್ರಿ ಅಕ್ಕಾರ. ಮೊದಲ ಬಾಕಿ ಕೊಡ್ರಿ, ಆಮ್ಯಾಗ ಕುಂತು ಬೈಸ್ಕೋತೀನಿ.’

ಬೈಯಲು ಕನ್ನಡವೇ ಸಿಕ್ಕಿತಲ್ಲ ಎಂಬ ಖುಷಿಯಲ್ಲೇ ನಾನು ಇನ್ನಷ್ಟು ಬೈದೆ. ಹಿಂದಿಯಲ್ಲಿ ಬೈದು ಬೈದು ನನಗೆ ಸಾಕಾಗಿತ್ತು.

‘ಬನ್ನಿ ಒಳಗೆ, ನೋಡಿ ಗೋಡೆ! ಗ್ರೈಂಡರ್ ಹೋಯ್ತು, ಲೈನ್ ಹೋಯ್ತು. ನನ್ನ ಜೀವ ಹೋಗ್ಲಿಕ್ಕೆ ಸ್ವಲ್ಪ ಬಾಕಿ ಇತ್ತು ಮಾರಾಯ್ರೆ! ನಿಮಗೆ ಯಾವ ಬಾಕಿ ಕೊಡುದು ನಾನು?’

‘ನಿಮ್ಮ ಗ್ರೈಂಡರ ಹಳೀದಿರಬೇಕ್ರಿ. ನಮ್ಮ ಮನ್ಯಾರ ಕೆಲಸದಾಗ ತಪ್ಪ ಇರಾಂಗಿಲ್ಲ.’

‘ಹಾಗಾದ್ರೆ ಅವರನ್ನೇ ಕರೀರಿ. ನನ್ನ ಎದುರು ಹೇಳ್ಲಿ.’

ಆಕೆ ಅಲ್ಲಿಯೇ ಫೋನು ಹಚ್ಚಿದಳು. ಸರ್ದಾರ ಭಾಯಿ ಮಾಟುಂಗಾದಲ್ಲಿ ಎಲ್ಲೋ ಕೆಲಸದಲ್ಲಿದ್ದವರು ಓಡಿ ಬಂದರು. ಕರಟಿದ ಗೋಡೆ ಕಂಡು ಅವರ ಮುಖ ಸಣ್ಣದಾಯಿತು. ನಾನು ಬಿಡಲಿಲ್ಲ. ಅವರೇ ಬಿಟ್ಟುಹೋಗಿದ್ದ ತುಂಡು ವೈರುಗಳ ಚೀಲ ತಂದು, ನೀಲಿಯದೊಂದನ್ನು ತೆಗೆದು ಅವರ ಕೈಗೆ ಕೊಟ್ಟೆ.

‘ಇದು ಯಾವ ಬಣ್ಣ ಹೇಳಿ.’

ಅವರು ಅದನ್ನು ಕಿಟಕಿಯ ಕಡೆ ಹಿಡಿದರು, ತಿರುಗಿಸಿದರು. ‘ಕರೀ ಐತಲ್ರಿ. ಇದನ್ನ ಹಾಕೀನಿ ಅಲ್ಲಿ. ಟೆಸ್ಟರನೂ ಹಚ್ಚಿ ನೋಡೀನಿ, ಲೈಟ ಹತ್ತಲಿಲ್ಲ, ಅಂದ್ರ ಅದರಾಗ ಕರೆಂಟ ಇಲ್ಲ’ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣೆದುರು ನೀಲಿಯನ್ನು ಹಿಡಿದು ಕಪ್ಪು ಎನ್ನುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸುಳ್ಳ ಎಂದೆ, ಮೋಸಗಾರ ಎಂದೆ, ಇಡೀ ಕಾಲೊನಿಯಲ್ಲಿ ಹೇಳಿ ನಿಮ್ಮನ್ನು ಯಾರ ಗೇಟಿನೊಳಗೂ ಬಿಡದ ಹಾಗೆ ಮಾಡುತ್ತೇನೆ ಎಂದೆ. ಸುಕೇಶ್ ಒಳಗಿನಿಂದ ಕೈಸನ್ನೆ ಮಾಡುತ್ತಲೇ ಇದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಮೀರುನ್ನೀಸಾ ಈಗ ನನ್ನ ಮೇಲೆ ಬೀಳುತ್ತಾಳೆ ಎಂದುಕೊಂಡೆ. ಆಕೆ ಬೀಳಲಿಲ್ಲ. ಗಂಡನನ್ನೇ ನೋಡುತ್ತ ನಿಂತಿದ್ದಳು. ಆ ಮನುಷ್ಯ ಬಾಯಿ ಮುಚ್ಚಿಕೊಂಡಾನು, ಸುಳ್ಳು ಹೇಳುವವನಲ್ಲ ಎಂಬುದು ಅಲ್ಲಿದ್ದವರಲ್ಲಿ ಆಕೆಗೊಬ್ಬಳಿಗೇ ಗೊತ್ತಿತ್ತು.

ಚೀಲದಿಂದ ಇನ್ನೊಂದು ತುಂಡು ತೆಗೆದಳು. ‘ಇದ್ಯಾವ್ದು?’

‘ಕೆಂಪ.’

‘ಇದು?’

‘ಹಳದಿ.’

ಹಸಿರು ತುಂಡು ಹಿಡಿದಳು. ಅವರು ಕಣ್ಣು ಕಿರಿದು ಮಾಡಿದರು. ‘ಇದೂ ಕರೀ... ಅಲ್ಲೇನು?’ ಎಂದು ಹೆಂಡತಿಯ ಮುಖ ನೋಡಿದರು. ಆಮೇಲೆ ಯಾರೂ ಕೇಳದಿದ್ದರೂ, ‘ಈಗಿನ ಕಂಪನಿಯವರು ಬಣ್ಣಾನ ಸರಿ ಹಾಕಂಗಿಲ್ಲ. ವರ್ಷಾತು, ಎಲ್ಲಾ ಮಬ್ಬ ಬರಾಕತ್ತೈತಿ’ ಎಂದರು.

ಅವರು ಅದನ್ನು ನಿಜವಾಗಿ ನಂಬಿದ್ದರು. ವರ್ಷವಿಡೀ ವೈರಿನ ಕಂಪನಿಗಳನ್ನು ಬೈಯುತ್ತ, ಮನೆಯ ಬಲ್ಬು ಮಂಕಾಯಿತೆಂದು ಬದಲಿಸುತ್ತ, ಟೆಸ್ಟರಿನ ಸಣ್ಣ ದೀಪ ಉರಿದರೂ ಉರಿಯಲಿಲ್ಲವೆಂದುಕೊಳ್ಳುತ್ತ ಕರೆಂಟಿನ ನಡುವೆ ಕೈಯಾಡಿಸಿಕೊಂಡು ಬಂದಿದ್ದರು. ಕಣ್ಣಿಗೆ ಪೊರೆ ಬಂದಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ನನ್ನ ಬಾಯಿ ತಾನಾಗಿಯೇ ಮುಚ್ಚಿತು. ಅಮೀರುನ್ನೀಸಾ ಚೀಲ ಕಟ್ಟಿ, ಗಂಡನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದಳು. ಬಾಕಿಯ ಮಾತೇ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಅತ್ತೆಯ ಕಾಲದ ರುಬ್ಬುವ ಕಲ್ಲಿನ ಮುಂದೆ ಕೂತು ಬೆವರು ಸುರಿಸುತ್ತಿದ್ದೆ. ಹೋಟೆಲಿಗೆ ಹಿಟ್ಟು ಹೋಗಲೇಬೇಕಲ್ಲ. ಆಕೆ ಒಬ್ಬಳೇ ಬಂದಳು. ಈ ಸಲ ಹೊಸ್ತಿಲಲ್ಲಿ ಕೂರದೆ ನೇರ ಒಳಗೆ ಬಂದು, ಕೈ ತೊಳೆದು, ‘ಸರೀರಿ’ ಎಂದು ಕಲ್ಲಿನ ಗುಂಡು ಹಿಡಿದಳು. ಎಷ್ಟು ಬೇಡವೆಂದರೂ ಕೇಳಲಿಲ್ಲ. ಸ್ವಲ್ಪ ಹೊತ್ತು ರುಬ್ಬಿದ ಮೇಲೆ ಮಾತಾಡಿದಳು.

‘ಕಾಂದಿವಲ್ಯಾಗ ಒಂದ್ ಮನಿ, ಘಾಟ್ಕೋಪರದಾಗ ಒಂದ್ ಅಂಗಡಿ, ಇಬ್ರೂ ರೊಕ್ಕ ಹಿಡದ್ರು ಅಕ್ಕಾರ. ಯಾಕಂತ ಬಾಯಿ ಬಿಡಲಿಲ್ಲ. ನಾ ಅವರನ್ನ ಕಳ್ಳರಂತ ತಿಳಕೊಂಡು ಬಾಗಲದಾಗ ಕುಂತು ಮಾನ ಕಳದೆ. ನೀವ್ ಒಬ್ಬಾಕಿ ಬೈದ್ರಿ. ನೀವ್ ಬೈಲಿಲ್ಲಂದ್ರ ಇವತ್ತೂ ನಮ್ಮ ಮನ್ಯಾರು ಕರೆಂಟ್ನ್ಯಾಗ ಕೈ ಹಾಕತಿದ್ರು. ಅಲ್ಲಾ ನಿಮ್ಮನ್ನ ಚೆನ್ನಾಗಿಡ್ಲಿ.’

ಹುಟ್ಟಿದಂದಿನಿಂದ ನನಗೆ ಬಾಯಿ ಮುಚ್ಚು ಎಂದವರು ಅಪ್ಪ, ಅಮ್ಮ, ಟೀಚರು, ಅತ್ತೆ, ಗಂಡ, ಸೊಸೈಟಿಯ ಸೆಕ್ರೆಟರಿ. ಬೈದದ್ದಕ್ಕೆ ಉಪಕಾರವಾಯಿತು ಎಂದವಳು ಇವಳೊಬ್ಬಳು. ನನಗೆ ಅಳು ಬಂತು. ಉದ್ದಿನ ನೀರು ಕಣ್ಣಿಗೆ ಹಾರಿತು ಎಂದು ಸೆರಗಿನಿಂದ ಒರೆಸಿಕೊಂಡೆ.

‘ಒಂದ ಮಾತ ನಡಸ್ರಿ’ ಎಂದಳು. ‘ಕಣ್ಣ ಕಾಣದ ಇಲೆಕ್ಟ್ರಿಶಿಯನ್ನ ಯಾರೂ ಕರಿಯಂಗಿಲ್ಲ. ಆಪರೇಶನ್ ಆದ ಮ್ಯಾಲೂ ಕರಿಯಂಗಿಲ್ಲ. ಯಾರರೆ ಕೇಳಿದ್ರ ಆ ಬೆಳ್ಳುಳ್ಳಿಯಾಕಿ ಜಗಳಾಡಿ ಹೋದ್ಳು ಅನ್ರಿ. ನನ್ನ ಹೆಸರ ಕೆಟ್ರ ಕೆಡ್ಲಿ.’

ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲದ ನನ್ನ ಹತ್ತಿರ ಬಂದು ಗುಟ್ಟು ಕಾಯಿರಿ ಎಂದರೆ! ಆದರೂ ಕಾದೆ. ಸುಕೇಶರಿಂದಲೂ ಆಣೆ ಮಾಡಿಸಿದೆ. ಸೆಕ್ರೆಟರಿ, ಹೊಗೆ ಯಾಕೆ ಬಂತು, ಯಾರು ಕೆಲಸ ಮಾಡಿದ್ದು, ಅವನನ್ನು ಗೇಟಿನಲ್ಲೇ ತಡೆಯಲೇ ಎಂದು ಕೇಳಿದಾಗ, ಗ್ರೈಂಡರ್ ಹಳೆಯದಾಗಿತ್ತು, ಇಲೆಕ್ಟ್ರಿಶಿಯನ್ ಒಳ್ಳೆಯವನು, ಅವನ ಹೆಂಡತಿಯದೊಂದೇ ಸ್ವಲ್ಪ ಬಾಯಿ ಜೋರು ಎಂದೆ. ನಿಮಗಿಂತಲೂ ಜೋರೇ ಎಂದು ಆತ ಕೇಳಿದ. ಅದನ್ನೂ ನುಂಗಿಕೊಂಡೆ.

ಸುಟ್ಟ ಗ್ರೈಂಡರನ್ನು ಆಕೆಯೇ ಟ್ಯಾಕ್ಸಿಗೆ ಹಾಕಿಕೊಂಡು ಮೋಟಾರಿಗೆ ಹೊಸ ತಂತಿ ಸುತ್ತಿಸಲು ಕುರ್ಲಾಕ್ಕೆ ಕೊಟ್ಟು ಬಂದಳು. ಅದು ಮರಳುವವರೆಗೆ ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಬಂದು ನನ್ನ ಜೊತೆ ರುಬ್ಬಿದಳು. ಆಕೆ ರುಬ್ಬಿದ ಚಟ್ನಿಯಲ್ಲಿ ಬೆಳ್ಳುಳ್ಳಿ ಒಂದೆರಡು ಎಸಳು ಹೆಚ್ಚೇ ಬೀಳುತ್ತಿತ್ತು. ಗಿರಾಕಿಗಳು ಎರಡನೇ ಸಲ ಕೇಳಿ ಹಾಕಿಸಿಕೊಂಡರಂತೆ. ಸರ್ದಾರ ಭಾಯಿಯ ಆಪರೇಶನ್ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಸಾಲಿನಲ್ಲಿ ನಡುವೆ ನುಗ್ಗುವವರನ್ನು ಗದರಿಸಲು ಆಕೆ ನನ್ನನ್ನು ಕರೆದುಕೊಂಡು ಹೋದಳು. ನಾನು ಸಂತೋಷದಿಂದ ಹೋದೆ, ಮನಸ್ಸು ತುಂಬ ಗದರಿಸಿದೆ. ಪಟ್ಟಿ ಬಿಚ್ಚಿದ ದಿನ ಅವರು ಹೆಂಡತಿಯನ್ನು ತುಂಬ ಹೊತ್ತು ನೋಡಿ, ‘ನೀ ಯಾವಾಗ ಇಷ್ಟ ಮುದಿಕಿ ಆದಿ?’ ಎಂದರು. ಆಕೆ ನಗುತ್ತಲೇ ಅತ್ತಳು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದು ನಾನು ಅಂದುಕೊಂಡಿದ್ದೆ. ಆಗಿರಲಿಲ್ಲ. ನಮ್ಮ ಅಡುಗೆಮನೆಯ ಲೈನನ್ನು ಸರ್ದಾರ ಭಾಯಿ ಮತ್ತೆ ಎಳೆದಾಗ ನನಗೆ ಅದು ತಿಳಿಯಿತು. ನೀಲಿ ನೀಲಿಯಾಗಿಯೇ ಕಾಣುತ್ತಿದ್ದರೂ ಪ್ರತಿಯೊಂದು ವೈರನ್ನು ಹೆಂಡತಿಗೆ ತೋರಿಸಿ, ‘ಇದು ನೀಲೀನ ಹೌದಲ್ಲ?’ ಎಂದು ಕೇಳುತ್ತಿದ್ದರು. ಬಿಗಿ ಮಾಡಿದ ಸ್ಕ್ರೂವನ್ನೇ ಬಿಚ್ಚಿ ಮತ್ತೆ ಬಿಗಿ ಮಾಡುತ್ತಿದ್ದರು. ಅರ್ಧ ದಿನದ ಕೆಲಸ ಸಂಜೆಯವರೆಗೆ ಎಳೆಯಿತು. ಹೊಸ ಕೆಲಸ ಯಾರೇ ಕರೆದರೂ ಇಲ್ಲವೆಂದರು. ಮಬ್ಬುಗಣ್ಣಿನಲ್ಲಿ ಯಾರ ಯಾರ ಮನೆಯಲ್ಲಿ ಏನು ಕಟ್ಟಿಟ್ಟಿದ್ದೇನೋ ಎಂಬ ಚಿಂತೆಯಲ್ಲಿ ಊಟ ಸೇರುತ್ತಿರಲಿಲ್ಲ. ಕಣ್ಣು ಬಂದರೂ ಗಂಡ ಇನ್ನು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲವೇನೋ ಎಂದು ಅಮೀರುನ್ನೀಸಾಗೆ ಹೆದರಿಕೆ ಹತ್ತಿತು.

‘ಹೋಗಿ ನೋಡೂಣ’ ಎಂದಳು ಒಂದು ದಿನ. ‘ಆ ವರ್ಷ ಮಾಡಿದ ಎಲ್ಲಾ ಮನೀಗೂ ಹೋಗೂಣ. ತಪ್ಪಿದ್ರ ಸರಿ ಮಾಡ್ತಾರ, ಇಲ್ಲಂದ್ರ ಮನಸ ಹಗೂರಾಗ್ತೈತಿ.’

ಹೆಚ್ಚಿನ ಕಡೆ ಎಲ್ಲ ಸರಿಯಾಗಿಯೇ ಇತ್ತು. ಘಾಟ್ಕೋಪರಿನ ಅಂಗಡಿಯಲ್ಲಿ ಎರಡು ಸ್ವಿಚ್ಚು ಅದಲು ಬದಲು, ಅಷ್ಟೆ. ಉಳಿದದ್ದು ಕಾಂದಿವಲಿ. ಅಲ್ಲಿಗೆ ನಾನೂ ಬರಬೇಕೆಂದಳು. ತನ್ನ ಮುಖ ಕಂಡರೆ ಆ ಮನೆಯವರು ಬಾಗಿಲು ತೆರೆಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು.

ನಾನು ಬೆಲ್ ಒತ್ತಿದೆ, ಅವರಿಬ್ಬರೂ ಮೆಟ್ಟಿಲಲ್ಲಿ ಹಿಂದೆ ನಿಂತರು. ಬಾಗಿಲು ತೆರೆದವರು ಸೌಮ್ಯಾ, ಮಂಗಳೂರಿನವರು. ನನ್ನ ಹಿಂದೆ ಅಮೀರುನ್ನೀಸಾಳನ್ನು ಕಂಡದ್ದೇ ಅವರ ಮುಖ ಬಿಗಿಯಿತು.

‘ಪುನಃ ಬಂದ್ರಾ? ಈ ಸಲ ಜನ ಕಟ್ಕೊಂಡು?’

‘ಹಣಕ್ಕಲ್ಲ ಮಾರಾಯ್ರೆ’ ಎಂದೆ. ‘ಇವರು ಮಾಡಿದ ವೈರಿಂಗಿನಲ್ಲಿ ನನ್ನ ಮನೆ ಸುಟ್ಟಿದೆ. ನಿಮ್ಮಲ್ಲಿ ಎಂತಾದ್ರೂ ತೊಂದರೆ ಉಂಟಾ ನೋಡ್ಲಿಕ್ಕೆ ಬಂದದ್ದು.’

ಸೌಮ್ಯಾ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಒಳಗಿನಿಂದ ಅವರ ಮಗಳು ಯಕ್ಷಿತಾ, ಕಾಲೇಜಿಗೆ ಹೋಗುವ ಹುಡುಗಿ, ‘ಮಮ್ಮಿ, ಗೀಸರ್‌ದು ಹೇಳು ನಾ ಇವರಿಗೆ. ಮೈ ಕಬ್ ಸೇ ಬೋಲ್ ರಹೀ ಹೂಂ, ಎಷ್ಟು ದಿನದಿಂದ!’ ಎಂದಳು.

ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತಂತೆ. ಅದಕ್ಕೇ ಕೊನೆಯ ಕಂತು ತಡೆದದ್ದು. ಸುಮ್ಮನೆ ಹೆದರಿಕೆಯಿರಬಹುದೆಂದು ಸೌಮ್ಯಾ ಅವರ ಗಂಡ ಹೇಳಿದ್ದರಿಂದ ಬೇರೆ ಯಾರನ್ನೂ ಕರೆಸಿರಲಿಲ್ಲ. ಮಗಳು ಅಂದಿನಿಂದ ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುತ್ತಿದ್ದಳು.

‘ಅವತ್ತೇ ಹೇಳಬಾರದಿತ್ತೇನ್ರಿ?’ ಎಂದಳು ಅಮೀರುನ್ನೀಸಾ.

‘ಹೇಳುದು ಹೇಗೆ? ನೀವು ಬಾಗಿಲಲ್ಲಿ ಕೂತು ಇಡೀ ಬಿಲ್ಡಿಂಗಿಗೆ ನಮ್ಮನ್ನು ತೋರಿಸಿದ್ರಿ. ಆಮೇಲೆ ನಾನು ಏನು ಹೇಳಿದ್ರೂ ಹಣ ಕೊಡದೇ ಇರ್ಲಿಕ್ಕೆ ನೆಪ ಅಂತಿದ್ರು.’

ಅಮೀರುನ್ನೀಸಾ ಕೈ ಮುಗಿದಳು. ‘ನಾನ ನಿಮ್ಮ ಬಾಯಿ ಮುಚ್ಚಿಸೀನಿ. ಮಾಫ್ ಮಾಡ್ರಿ ಅಕ್ಕಾರ’ ಎಂದಳು. ಸೌಮ್ಯಾ ಬಾತ್‌ರೂಮಿನ ದೀಪ ಹಾಕಿಕೊಟ್ಟರು.

ಸರ್ದಾರ ಭಾಯಿ ಮೇನ್ ಆಫ್ ಮಾಡಿಸಿ ಬೋರ್ಡು ಬಿಚ್ಚಿದರು. ಸೋರುವ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಹಸಿರು ವೈರು ಎಲ್ಲಿಗೂ ಸೇರದೆ ಮೂಲೆಯಲ್ಲಿ ಮಡಚಿ ಬಿದ್ದಿತ್ತು. ಅದರ ಜಾಗದಲ್ಲಿ ಕಪ್ಪು ತುಂಡೊಂದನ್ನು ಕಟ್ಟಿದ್ದರು, ಅದರ ಇನ್ನೊಂದು ತುದಿ ಬರಿ ಗಾಳಿಯಲ್ಲಿ. ಗೀಸರಿನ ಕಾಯಿಲ್ ಹಳತಾಗಿ ಸೋರುತ್ತಿದ್ದ ಕರೆಂಟೆಲ್ಲ ನಲ್ಲಿಗೆ ಬರುತ್ತಿತ್ತು. ಅವರು ಸ್ಟೂಲಿನ ಮೇಲೆ ನಿಂತಲ್ಲೇ ಕಣ್ಣೀರು ಹಾಕಿದರು. ನಾನು ಗದರಲಿಲ್ಲ. ಗದರುವವಳು ಹೆಂಡತಿಯಾದಳು. ‘ಅಳೂದ ಆಮ್ಯಾಗ. ಮೊದಲ ಕಟ್ರಿ’ ಎಂದಳು. ಅವರು ಕಟ್ಟಿದರು. ಕೆಳಗಿನ ಅಂಗಡಿಯಿಂದ ಹೊಸ ಕಾಯಿಲ್ ತಂದು ಹಾಕಿದರು, ಮೇನ್ ಹಾಕಿಸಿ ಟೆಸ್ಟರ್ ಹಚ್ಚಿದರು, ಇನ್ನೊಮ್ಮೆ ಹಚ್ಚಿದರು, ಸ್ಟೂಲು ಇಳಿದು ಮತ್ತೆ ಹತ್ತಿ ಮತ್ತೊಮ್ಮೆ ಹಚ್ಚಿದರು.

‘ಆಯ್ತೇನು?’ ಎಂದಳು ಅಮೀರುನ್ನೀಸಾ.

‘ಆತು ಅನಸ್ತೈತಿ’ ಎಂದರು. ‘ಆದ್ರೂ ಇನ್ನೊಬ್ಬ ಮಿಸ್ತ್ರೀನ ಕರದು ತೋರಿಸ್ರಿ ಅಕ್ಕಾರ. ನನ್ನ ಮ್ಯಾಲ ನನಗ ಭರೋಸಾ ಇಲ್ಲ.’

ಸೌಮ್ಯಾ ಮಗಳ ಕೈ ಹಿಡಿದುಕೊಂಡು ಹಿಂದೆ ಸರಿದರು. ಅವರ ತಪ್ಪೇನೂ ಇರಲಿಲ್ಲ. ಮಾಡಿದವನೇ ನಂಬದ ಕೆಲಸವನ್ನು ಬೇರೆಯವರು ಹೇಗೆ ನಂಬುತ್ತಾರೆ?

ಅಮೀರುನ್ನೀಸಾ ಚಪ್ಪಲಿ ಬಿಟ್ಟಳು. ಒಂದು ಮಗ್ ನೀರು ಸುರಿದು ನೆಲ ಒದ್ದೆ ಮಾಡಿ ಅದರಲ್ಲಿ ಬರಿಗಾಲಲ್ಲಿ ನಿಂತಳು. ‘ಬ್ಯಾಡ, ಏ ಬ್ಯಾಡ!’ ಎಂದು ಸರ್ದಾರ ಭಾಯಿ ಕೂಗುವಷ್ಟರಲ್ಲಿ ಗೀಸರಿನ ಸ್ವಿಚ್ ತಾನೇ ಒತ್ತಿ, ಒದ್ದೆ ಕೈಯಲ್ಲಿ ನಲ್ಲಿಯನ್ನು ತಿರುಗಿಸಿ ಗಟ್ಟಿಯಾಗಿ ಹಿಡಿದಳು. ಹಿಡಿದೇ ನಿಂತಳು. ಆಕೆ ನಲ್ಲಿಯ ಕಡೆ ನೋಡಲೇ ಇಲ್ಲ, ಗಂಡನ ಕಣ್ಣುಗಳನ್ನೇ ನೋಡುತ್ತಿದ್ದಳು.

‘ಏನೂ ಇಲ್ಲ. ಬರೇ ನೀರ ಬರಾಕತ್ತೈತಿ, ಬೆಚ್ಚಗೈತಿ’ ಎಂದಳು.

ಸರ್ದಾರ ಭಾಯಿ ಸ್ಟೂಲಿನಿಂದ ಇಳಿದು, ಆಕೆ ಹಿಡಿದಿದ್ದ ಕೈಯ ಪಕ್ಕದಲ್ಲೇ ತಮ್ಮ ಕೈಯನ್ನೂ ಇಟ್ಟು ನೋಡಿದರು. ಆಮೇಲೆ ತಮ್ಮ ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡು, ಅಡುಗೆಮನೆಯ ಬೋರ್ಡನ್ನೂ ಒಮ್ಮೆ ನೋಡಿಬಿಡಲೇ ಎಂದು ಸೌಮ್ಯಾ ಅವರನ್ನು ಕೇಳಿದರು.